ಇಪ್ಪತ್ತನಾಲ್ಕು ಮಾರು ದೂರದ ಕಲ್ಲು

ಕುದ್ರೋಳಿ, ಮಂಗಳೂರು
ಫೆಬ್ರವರಿ 5, ಗುರುವಾರ, ಮಧ್ಯಾಹ್ನ

ಪ್ರೀತಿಯ ಮಗಳು ಯಶ್ಮಿತಾಳಿಗೆ ಗಿರಿಯಪ್ಪ ಮಾಮನ ಆಶೀರ್ವಾದಗಳು.

ಆಶೀರ್ವಾದದ ಕೆಳಗೆ ಒಂದು ಸಾಲು ಹೊಡೆದು ಹಾಕಿದ್ದು ಕಾಣುತ್ತದಲ್ಲ, ಅದು "ನಾವೆಲ್ಲ ಇಲ್ಲಿ ಕ್ಷೇಮ" ಎಂಬ ಸಾಲು. ಏಳನೇ ಕ್ಲಾಸಿನಲ್ಲಿ ಪತ್ರಲೇಖನ ಕಲಿಸಿದ ಮಾಸ್ಟ್ರು ಬೆತ್ತ ಹಿಡಿದು ಕೈಗೆ ಅಂಟಿಸಿದ್ದು, ತಾನಾಗಿ ಬಂದುಬಿಟ್ಟಿತು. ಬರೆದ ಮೇಲೆ ಓದಿದೆ, ಸುಳ್ಳು. ಹೊಸ ಹಾಳೆ ತೆಗೆದುಕೊಳ್ಳಬಹುದಿತ್ತು. ಆದರೆ ಈ ಪತ್ರದಲ್ಲಿ ಎಂತದ್ದನ್ನೂ ಅಡಗಿಸುವುದಿಲ್ಲ ಎಂದೇ ಕೂತದ್ದು, ಹಾಗಾಗಿ ಹೊಡೆದದ್ದೂ ಇರಲಿ.

ತಡ ಮಾಡಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಮೂರು ವಾರದಲ್ಲಿ ನೀನು ಮೂರು ಸಲ ಕೇಳಿದೆ, "ಮಾಮ, ಅಮ್ಮ ಯಾಕೆ ಫೋನ್ ಎತ್ತುವುದಿಲ್ಲ?" ಅಂತ. ಮೊದಲ ಸಲ ನಾನು ಶನಿಯ ಬಳೆಯ ಫೋಟೋ ಕಳಿಸಿದೆ. ಎರಡನೇ ಸಲ, "ಗುರುಗ್ರಹದಲ್ಲಿ ನಿಂತರೆ ನಿನ್ನ ಮಾಮನ ತೂಕ ನೂರೈವತ್ತೈದು ಕಿಲೋ ಮಗಾ" ಎಂದು ಬರೆದೆ. ಮೂರನೇ ಸಲ, ಮಾರ್ಕೆಟಿನಲ್ಲಿ ರಶ್ಶು ಎಂದೆ. ಮೂರೂ ಒಂದೇ ಜಾತಿಯ ಉತ್ತರ. ನೀನು ಸಣ್ಣವಳಿದ್ದಾಗ ಇಂಜೆಕ್ಷನ್ ಕೊಡಿಸಲು ಕರೆದುಕೊಂಡು ಹೋಗುವಾಗ ಕಾಗೆ ತೋರಿಸುತ್ತಿದ್ದೆನಲ್ಲ, ಅದೇ.

ಈಗ ವಿಷಯ. ಕೂತು ಓದು. ನಿನ್ನ ಅಮ್ಮನ ಎಡ ಎದೆಯಲ್ಲಿ ಒಂದು ಗಂಟು ಉಂಟು. ಜನವರಿಯಲ್ಲಿ ಎದುರುಮನೆ ಮಮ್ಮುವಿನ ಹೆಂಡತಿ ಝೈನಬ್ ಅವಳನ್ನು ಅತ್ತಾವರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸೂಜಿ ಹಾಕಿ ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಎಂದು ಬಂತು. ಎರಡು ಪಾಯಿಂಟ್ ಎಂಟು ಸೆಂಟಿಮೀಟರ್. ಇದು ನನ್ನ ಲೆಕ್ಕ ಅಲ್ಲ, ರಿಪೋರ್ಟಿನಲ್ಲಿ ಇರುವುದು, ಎರಡು ಸಲ ನೋಡಿ ಬರೆಯುತ್ತಿದ್ದೇನೆ. ಎರಡನೇ ಹಂತ ಅಂತೆ. ಡಾಕ್ಟರಮ್ಮ ಒಳ್ಳೆಯವಳು, ಹೆದರಿಸುವುದಿಲ್ಲ. "ತೆಗೆದು, ಆಮೇಲಿನ ಚಿಕಿತ್ಸೆ ಸರಿಯಾಗಿ ಮಾಡಿದರೆ ಗುಣ ಆಗುವವರು ತುಂಬಾ ಜನ ಇದ್ದಾರೆ. ತಡ ಮಾತ್ರ ಮಾಡಬೇಡಿ" ಎಂದಳು.

ನಾವು ತಡ ಮಾಡಿದೆವು. ಆಪರೇಷನ್ ಇದ್ದದ್ದು ಮೊನ್ನೆ ಮಂಗಳವಾರ, ಮೂರನೇ ತಾರೀಕಿಗೆ. ಆಗಲಿಲ್ಲ. ನಿನ್ನ ಅಮ್ಮ ಹೋಗಲಿಲ್ಲ. ಹೋಗದ್ದಕ್ಕೆ ಕಾರಣ ನಾನು. ಇನ್ನು ಹನ್ನೆರಡನೇ ತಾರೀಕು ಕೊಟ್ಟಿದ್ದಾರೆ, ಬರುವ ಗುರುವಾರ. ಬುಧವಾರ ಬೆಳಿಗ್ಗೆಯೇ ಹೋಗಿ ಅಡ್ಮಿಟ್ ಆಗಬೇಕು. ಅದೂ ತಪ್ಪಿದರೆ ಮಾರ್ಚಿಗೆ ಹೋಗುತ್ತದಂತೆ. ಅಷ್ಟರೊಳಗೆ ಅವಳನ್ನು ಆ ಮಂಚದ ಮೇಲೆ ಮಲಗಿಸಬೇಕು ಎನ್ನುವುದೊಂದೇ ಈಗ ನನ್ನ ತಲೆಯಲ್ಲಿ ಇರುವುದು. ಊಟ ಸೇರುವುದಿಲ್ಲ. ಬೂತಾಯಿ ಮೀನಿನ ಪುಳಿಮುಂಚಿ ಸಾರು ಎದುರಿಗಿದ್ದು ಊಟ ಸೇರದಿದ್ದರೆ ಗಿರಿಯಪ್ಪನಿಗೆ ಎಂತ ಆಗಿದೆ ಎಂದು ನೀನೇ ತಿಳಿದುಕೋ.

ಹೇಗಾಯಿತು ಎಂದು ಹೇಳುತ್ತೇನೆ. ದಸರಾ ರಜೆಗೆ ಬಂದಾಗ ನೀನು ಒಂದು ನೋಟ್ ಬುಕ್ಕಿನಲ್ಲಿ ಆಕಾಶದ ವೆಬ್‌ಸೈಟುಗಳ ಹೆಸರು ಬರೆದು ಕೊಟ್ಟೆಯಲ್ಲ, ಪ್ರತಿಯೊಂದರ ಪಕ್ಕ ಕನ್ನಡದಲ್ಲಿ "ಇದನ್ನು ಒತ್ತಿ, ಹೀಗೆ ಉಜ್ಜಿ" ಎಂದು? ನೀನು ಕಲಿಸುವ ಶಾಲೆಯ ಮಕ್ಕಳು ಕೂಡ ಅದನ್ನು ನನ್ನಷ್ಟು ಶ್ರದ್ಧೆಯಿಂದ ಕಲಿತಿರಲಿಕ್ಕಿಲ್ಲ. ಫೋನು ಎತ್ತಿ ಹಿಡಿದರೆ ಹಗಲಿನಲ್ಲೇ ನಕ್ಷತ್ರ ತೋರಿಸುವುದು ಉಂಟಲ್ಲ, ಅದನ್ನು ಬೋಟು ನಿಲ್ಲುವ ದಕ್ಕೆಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದೆ. ಜಿಪಿಎಸ್ ಬರುವ ಮೊದಲು ನಾನು ತಂಡೇಲನಾಗಿ ಬೋಟು ನಡೆಸಿದವನು, ಈ ಫೋನು ತಪ್ಪಿದರೆ ತಿದ್ದಲು ನಾನಿದ್ದೇನೆ ಎಂದೂ ಹೇಳಿದೆ. ಇದುವರೆಗೆ ಅದು ತಪ್ಪಲಿಲ್ಲ, ಆ ಮಾತು ಬೇರೆ.

ಗೆಲಾಕ್ಸಿ ಬೇರೆ ಮಾಡುವ ಪುಟ ನನಗೆ ಎಲ್ಲದಕ್ಕಿಂತ ಇಷ್ಟವಾಯಿತು. ಒಂದೊಂದೇ ಚಿತ್ರ ಬರುತ್ತದೆ, ಉರುಟಾ, ಕೈ ಉಂಟಾ, ಎಷ್ಟು ಕೈ ಎಂದು ಕೇಳುತ್ತದೆ. ನಲವತ್ತು ವರ್ಷ ಬಂಗುಡೆ ಬೇರೆ ಬೂತಾಯಿ ಬೇರೆ ಮಾಡಿದ ಕಣ್ಣು ಮಗಾ, ಎಷ್ಟು ಹೊತ್ತು ಬೇಕು? ಒಂದು ತಿಂಗಳಿಗೆ ನಾನೂರ ಹನ್ನೆರಡು ಗೆಲಾಕ್ಸಿ ಮುಗಿಸಿದೆ. ಬಲೆ ಕಟ್ಟುವಲ್ಲಿ ಕಮಲೇಶನಿಗೆ ಗುರುಗ್ರಹದ ಒಂದು ಚಂದ್ರನ ಬಗ್ಗೆ ಹೇಳಿದೆ, ಮೇಲೆ ಪೂರ್ತಿ ಐಸು, ಅಡಿಯಲ್ಲಿ ಸಮುದ್ರ ಇರಬೇಕು ಎನ್ನುತ್ತಾರೆ ಎಂದು. ಅವನು ಸೂಜಿ ನಿಲ್ಲಿಸಿ, "ಐಸ್ ಪ್ಲಾಂಟಿನ ಖರ್ಚೇ ಇಲ್ಲ ಹಾಗಾದ್ರೆ. ಮೀನು ಉಂಟಾ ಅಷ್ಟು ಹೇಳಿ ಗಿರಿಯಣ್ಣ, ಬೋಟು ಬಿಡುವ" ಎಂದ.

ನಿನ್ನ ಅಮ್ಮನ ಮಾರ್ಕೆಟಿಗೂ ಹೋಗಿ ಕೂತೆ. ಮಣ್ಣಗುಡ್ಡದಿಂದ ಬರುವ ಆ ಟೀಚರಮ್ಮ ಉಂಟಲ್ಲ, ಅವಳು ಅಂಜಲ್ ಮೀನು ತೂಕ ಮಾಡಿಸುವಾಗ ನಾನು, "ಇದೇ ಒಂದು ಕಿಲೋ ಚಂದ್ರನಲ್ಲಿ ತೂಗಿದರೆ ನೂರರವತ್ತೈದು ಗ್ರಾಮು" ಎಂದೆ. ಅವಳು, "ಹಾಗಾದ್ರೆ ಆ ತೂಕಕ್ಕೆ ಎಷ್ಟೋ ಅಷ್ಟೇ ಕೊಡ್ತೇನೆ ಅಪ್ಪಿಯಕ್ಕ" ಎಂದಳು. ನಿನ್ನ ಅಮ್ಮ ತಲೆ ಎತ್ತದೆ, "ಚಂದ್ರ ಅವನದ್ದು, ತಕ್ಕಡಿ ನಂದು. ಅವನ ಹತ್ತಿರವೇ ತಕೊಳ್ಳಿ" ಎಂದಳು. ಮಾರ್ಕೆಟಿಡೀ ನಕ್ಕಿತು. ಆಗ ನಾನು ಅವಳ ಮುಖ ನೋಡಬೇಕಿತ್ತು. ನೋಡಿದ್ದು ನಕ್ಕವರ ಮುಖವನ್ನು.

ಈಗ ಮುಖ್ಯ ಸಂಗತಿ. ಭೂಮಿಯ ಹತ್ತಿರದಿಂದ ಹಾದುಹೋಗುವ ಕಲ್ಲುಗಳ ಪಟ್ಟಿ ಕೊಡುವ ಪುಟ ಒಂದುಂಟಲ್ಲ. ತಾರೀಕು, ದೂರ, ಪಕ್ಕದಲ್ಲಿ ಕಲ್ಲಿನ ಗಾತ್ರಕ್ಕೆ ಒಂದು ಚಿತ್ರ: ಬಸ್ಸು, ಮನೆ, ವಿಮಾನ. ಜನವರಿ ಕೊನೆಯ ವಾರ ಮಮ್ಮುವಿನ ಅಂಗಡಿಯ ಬೆಂಚಿನಲ್ಲಿ ಕೂತು ಅದನ್ನು ನೋಡುತ್ತಿದ್ದೆ. ಫೆಬ್ರವರಿ ಮೂರಕ್ಕೆ ಒಂದು ವಿಮಾನದಷ್ಟು ದೊಡ್ಡ ಕಲ್ಲು ಎಂದಿತ್ತು. ದೂರ ಐವತ್ತೆಂಟು ಲಕ್ಷ ಕಿಲೋಮೀಟರು ಎಂದೂ ಇತ್ತು. ಅದನ್ನು ನಾನು ಓದಿದ್ದೇನೆ, ಓದಲಿಲ್ಲ ಎಂದು ಹೇಳುವುದಿಲ್ಲ. ಆದರೆ ಮಮ್ಮು ಚಹಾದ ಗ್ಲಾಸು ಕೆಳಗಿಟ್ಟು, "ಎಂತ ಗಿರಿಯಣ್ಣ, ಮುಖ ಹಾಗೆ ಮಾಡಿದಿರಿ?" ಎಂದು ಕೇಳಿದ. ಹಾಗೆ ಕೇಳಿದರೆ ನನ್ನ ಬಾಯಿ ನಿಲ್ಲುತ್ತದಾ?

"ಮೂರನೇ ತಾರೀಕು ಮಂಗಳವಾರ," ಎಂದೆ, ಸ್ವರ ತಗ್ಗಿಸಿ. "ಒಂದು ಕಲ್ಲು ಬರುವುದುಂಟು. ಬಜಪೆಯ ವಿಮಾನ ನಿಲ್ದಾಣ ಇಡೀ ಅದರ ಮೇಲೆ ಕೂತೀತು. ದೊಡ್ಡ ದೊಡ್ಡ ವಿಜ್ಞಾನಿಗಳು ಕಣ್ಣು ಮುಚ್ಚಲಿಲ್ಲ. ಆ ದಿನ ಮನೆಯಿಂದ ಹೊರಗೆ ಹೋಗುವವರು ಎರಡು ಸಲ ಯೋಚನೆ ಮಾಡಬೇಕು."

ಝೈನಬ್ ಒಳಗಿನಿಂದ, "ಇವರ ಕಲ್ಲು ಯಾವಾಗಲೂ ಮಂಗಳವಾರವೇ ಬರುವುದು" ಎಂದಳು. ಮಮ್ಮು ಮಾತ್ರ ನಂಬಿದ ಹಾಗೆ ಮಾಡಿದ. ನನಗೆ ಅಷ್ಟೇ ಸಾಕು. ತಿರುಗಿ ನೋಡಿದರೆ ನಿನ್ನ ಅಮ್ಮ ಖಾಲಿ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ರಸ್ತೆಯಲ್ಲಿ ನಿಂತಿದ್ದಳು. ಪೂರ್ತಿ ಕೇಳಿದ್ದಳು. ಹಾಗೆಯೇ ಮನೆಗೆ ಹೋದಳು. ಆಪರೇಷನ್ನಿನ ತಾರೀಕೂ ಅದೇ ಎಂದು ನನಗೆ ಆ ಕ್ಷಣದಲ್ಲಿ ತಲೆಗೇ ಹೋಗಲಿಲ್ಲ ಎಂದರೆ ನೀನು ನಂಬುತ್ತೀಯಾ? ನಂಬಬೇಕು. ಅಷ್ಟು ದೊಡ್ಡ ಬೆಪ್ಪ ನಿನ್ನ ಮಾಮ.

ಸೋಮವಾರ ಬೆಳಿಗ್ಗೆ ಅಡ್ಮಿಟ್ ಆಗಬೇಕಿತ್ತು. ರಿಕ್ಷಾ ಬಂದು ಗೇಟಿನಲ್ಲಿ ನಿಂತಿತು. ನಾನು ಇಸ್ತ್ರಿ ಅಂಗಿ ಹಾಕಿ, ರಿಪೋರ್ಟುಗಳ ಚೀಲ ಹಿಡಿದು ತಯಾರು. ಅವಳು ಜಗಲಿಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದಾಳೆ.

"ಅಕ್ಕ, ಎಂತ ಇದು? ಹೊರಡುವುದಿಲ್ಲವಾ?"

"ನಾಳೆ ಕಲ್ಲು ಬರುವುದಲ್ಲವಾ? ನೀನೇ ಹೇಳಿದ್ದು. ಹೊಟ್ಟೆ ಕೊಯ್ದು ಮಲಗಿದವಳು ಎದ್ದು ಓಡುವುದು ಹೇಗೆ?"

"ಹೊಟ್ಟೆ ಅಲ್ಲ ಅಕ್ಕ..."

"ಎಂತದ್ದೋ ಒಂದು. ನಾಳೆ ಬೇಡ."

ನಾನು ಮೊದಲು ನಗಾಡಿದೆ. ಆಮೇಲೆ ಬೇಡಿದೆ. ಫೋನು ತೆಗೆದು ತೋರಿಸಿದೆ, ನೋಡು ಐವತ್ತೆಂಟು ಲಕ್ಷ, ನಾನು ಉಪ್ಪು ಖಾರ ಹಾಕಿ ಹೇಳಿದ್ದು, ವಿಮಾನ ನಿಲ್ದಾಣ ಅಲ್ಲ, ಬರೀ ವಿಮಾನ ಎಂದು. ಅವಳು ಸಿಗಡಿಯ ತಲೆ ಮುರಿಯುತ್ತಾ, "ಮೊನ್ನೆ ಮಮ್ಮುವಿನ ಅಂಗಡಿಯಲ್ಲಿ ಹೇಳಿದ್ದು ಸುಳ್ಳು, ಇವತ್ತು ನನ್ನನ್ನು ರಿಕ್ಷಾಕ್ಕೆ ಹತ್ತಿಸಲಿಕ್ಕೆ ಹೇಳುವುದು ಸತ್ಯ. ಹೌದಾ ಗಿರಿಯ?" ಎಂದಳು. ರಿಕ್ಷಾದವನು ಹಾರ್ನ್ ಮಾಡಿದ, ಕಾದ, ಹೋದ.

ಆಸ್ಪತ್ರೆಯಿಂದ ಸಿಸ್ಟರ್ ಫೋನ್ ಮಾಡಿದಳು. "ಯಾಕೆ ಬರಲಿಲ್ಲ? ಬೆಡ್ ಇಟ್ಟುಕೊಂಡಿದ್ದೇವೆ." ನಾನು, "ಹೊರಗಿನಿಂದ ಒಬ್ಬರು ಬರುವವರಿದ್ದಾರೆ, ಹಾಗಾಗಿ" ಎಂದೆ. "ಯಾರು ಬರುವುದು, ಮಗಳಾ?" ಎಂದು ಕೇಳಿದಳು. ಹೌದು ಎಂದೆ. ನೋಡು, ಅಲ್ಲಿಯೂ ಒಂದು ಸುಳ್ಳು. ಅದನ್ನು ಸತ್ಯ ಮಾಡುವುದು ಈಗ ನಿನ್ನ ಕೈಯಲ್ಲಿ ಉಂಟು.

ಮಂಗಳವಾರ ಕಳೆಯಿತು. ಕಲ್ಲು ಅದರ ದಾರಿಯಲ್ಲಿ ಹೋಯಿತು, ಅಮ್ಮ ಅವಳ ದಾರಿಯಲ್ಲಿ ಮಾರ್ಕೆಟಿಗೆ ಹೋದಳು. ನಾನು ಮಾತ್ರ ಇಡೀ ದಿನ ಗೇಟು ಹಿಡಿದು ನಿಂತಿದ್ದೆ. ಕಲ್ಲಿಗೆ ಹೆದರಿ ಅಲ್ಲ. ಹೊರಗೆ ಬಿಸಿಲು, ಜನ ಹೋಗುತ್ತಾರೆ, ಬರುತ್ತಾರೆ. ಆ ಹೊತ್ತಿಗೆ ಅಲ್ಲಿ ಕೆಲಸ ಮುಗಿದು ಅವಳು ಮಲಗಿರಬೇಕಿತ್ತು ಎಂದು ಗಂಟೆಗೊಮ್ಮೆ ಲೆಕ್ಕ ಹಾಕುತ್ತಿದ್ದೆ. ಇನ್ನೂ ಒಂಬತ್ತು ದಿನ. ಒಂಬತ್ತು ದಿನದಲ್ಲಿ ಆ ಗಂಟು ಎಷ್ಟು ಬೆಳೆಯುತ್ತದೆ ಮಗಾ? ನೀನು ವಿಜ್ಞಾನ ಓದಿದವಳು. ಗೊತ್ತಿದ್ದರೂ ನನಗೆ ಹೇಳಬೇಡ.

ನಿನ್ನೆ, ಬುಧವಾರ, ಅವಳು ಊಟ ಮಾಡಿ ಕೈ ತೊಳೆದು ಬಂದು ನನ್ನ ಎದುರು ಕೂತಳು. "ಹನ್ನೆರಡಕ್ಕೆ ಎಂತ ಉಂಟು ನೋಡು" ಎಂದಳು.

"ಎಂತ ಇಲ್ಲ."

"ನೋಡದೆ ಹೇಳುವುದಾ? ನೋಡು."

ನೋಡಿದೆ. ಇತ್ತು, ಮಾರಾಯ್ತಿ! ಒಂದು ಕಲ್ಲು, ಹನ್ನೆರಡನೇ ತಾರೀಕಿಗೇ, ಬಸ್ಸಿನ ಚಿತ್ರ. ಆಗ ಗಮನಿಸಿದೆ, ಹನ್ನೊಂದಕ್ಕೂ ಒಂದಿತ್ತು, ಹದಿನಾಲ್ಕಕ್ಕೂ ಇತ್ತು. ಅವು ಹಾಗೇ ಅಂತೆ, ವಾರಕ್ಕೆ ನಾಲ್ಕೈದು ಹೋಗುತ್ತಲೇ ಇರುತ್ತವಂತೆ, ನಮ್ಮ ಪಾಡಿಗೆ ನಾವು ಮೀನು ಹುರಿಯುತ್ತಿರುತ್ತೇವೆ. ಇಲ್ಲ ಎಂಬ ಮಾತು ಬಾಯಿಯವರೆಗೆ ಬಂತು. ಹೇಳಲಿಲ್ಲ. "ಉಂಟು ಅಕ್ಕ. ಬಸ್ಸಿನಷ್ಟು. ನಲವತ್ತಾರು ಲಕ್ಷ ಕಿಲೋಮೀಟರು ದೂರ. ಅಂದರೆ ಚಂದ್ರನ ಹನ್ನೆರಡು ಪಟ್ಟು" ಎಂದೆ.

"ಲಕ್ಷ ಕೋಟಿ ನನಗೆ ಬೇಡ. ಎಷ್ಟು ದೂರ?"

ಆಗ ನಿನ್ನ ನೋಟ್ ಬುಕ್ಕಿನ ಆ ಪುಟ ನೆನಪಾಯಿತು, ಭೂಮಿ ಸುಲಿದ ತೆಂಗಿನಕಾಯಿ ಆದರೆ ಚಂದ್ರ ಒಂದು ಸಣ್ಣ ಲಿಂಬೆ, ಮೂವತ್ತು ಕಾಯಿ ಸಾಲಾಗಿ ಇಟ್ಟಷ್ಟು ದೂರ. ಬಾ ತೋರಿಸುತ್ತೇನೆ ಎಂದು ಎದ್ದೆ. ಜಗಲಿಯ ಮೆಟ್ಟಿಲಿನಲ್ಲಿ ಕಾಯಿ ಇಟ್ಟೆ. ಹಳೆ ಬಲೆಯ ಹಗ್ಗ ತಂದೆ. ಕಡಲಿನ ಆಳ ಅಳೆಯುವ ಹಾಗೆ ಎರಡೂ ಕೈ ಚಾಚಿ ಮಾರು ಲೆಕ್ಕದಲ್ಲಿ ಅಳೆದೆ. ಎರಡು ಮಾರಿಗೆ ಚಂದ್ರ, ತುಳಸಿಕಟ್ಟೆಯ ಹತ್ತಿರ. ಲಿಂಬೆ ಮಮ್ಮುವಿನ ಅಂಗಡಿಯದ್ದು. ಲಿಂಬೆಯ ಹಿಂದೆ ಮಮ್ಮು, ಮಮ್ಮುವಿನ ಹಿಂದೆ ಝೈನಬ್. ಹನ್ನೆರಡು ಪಟ್ಟು ಎಂದರೆ ಇಪ್ಪತ್ತನಾಲ್ಕು ಮಾರು. ಹಗ್ಗ ಎಳೆದುಕೊಂಡು ಹೊರಟೆ. ಗೇಟು ದಾಟಿತು, ಚರಂಡಿ ದಾಟಿತು, ರಸ್ತೆ ದಾಟಿತು. ಒಬ್ಬ ಸ್ಕೂಟರಿನವ ನಿಲ್ಲಿಸಿ, "ಎಂತ, ರಸ್ತೆ ಅಗಲ ಮಾಡ್ತಾರಾ?" ಎಂದು ಕೇಳಿದ. ಇಪ್ಪತ್ತನಾಲ್ಕನೇ ಮಾರು ಮುಗಿದದ್ದು ಮಮ್ಮುವಿನ ಅಂಗಡಿಯ ಶಟರಿನ ಮುಂದೆ.

ನಿನ್ನ ಅಮ್ಮ ಹಗ್ಗವನ್ನು ಕೈಯಲ್ಲಿ ಸವರಿಕೊಂಡೇ ಪೂರ್ತಿ ನಡೆದು ಬಂದಳು. "ಕಲ್ಲು ಎಲ್ಲಿ?" ಎಂದಳು.

"ಕಾಣುವುದಿಲ್ಲ. ಆ ಕಾಯಿ ಭೂಮಿಯಾದರೆ ಬಸ್ಸು ಎಷ್ಟು ದೊಡ್ಡದು ಹೇಳು? ಧೂಳಿಗಿಂತ ಸಣ್ಣದು."

ಮಮ್ಮು ತಲೆ ತುರಿಸಿಕೊಂಡು, "ಅಲ್ಲ ಗಿರಿಯಣ್ಣ, ನನ್ನ ಅಂಗಡಿಗೇ ಬಿದ್ದರೆ?" ಎಂದ.

ಝೈನಬ್, "ನಿಮ್ಮ ಅಂಗಡಿಗೆ ಗಿರಾಕಿಯೇ ಬೀಳುವುದಿಲ್ಲ, ಕಲ್ಲು ಬೀಳುತ್ತದಾ?" ಎಂದಳು.

ಅಮ್ಮ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ನಾನು ಗೆದ್ದೆ ಎಂದುಕೊಂಡೆ. ಎದೆ ಉಬ್ಬಿಸಿ, "ನೋಡಿದೆಯಾ? ಇನ್ನು ಎಂತ ಹೆದರಿಕೆ? ಬುಧವಾರ ಹೊರಡುವ" ಎಂದೆ.

ಅವಳು ಹಗ್ಗವನ್ನು ಮೊಣಕೈಗೆ ಸುತ್ತುತ್ತಾ, "ಕಲ್ಲಿನ ಹೆದರಿಕೆ ನನಗೆ ಯಾವಾಗ ಇತ್ತು?" ಎಂದಳು. "ನೀನು ಹೇಳಿದ್ದರಲ್ಲಿ ಹತ್ತರಲ್ಲಿ ಒಂಬತ್ತು ಬಿಟ್ಟು ಕೇಳಿ ನನಗೆ ಅಭ್ಯಾಸ ಆಗಿ ಐವತ್ತು ವರ್ಷ ಆಯಿತು ಗಿರಿಯ. ಬೇಡ ಅಂತ ಹೇಳಲಿಕ್ಕೆ ಒಂದು ನೆಪ ಬೇಕಿತ್ತು. ನೀನು ಕೊಟ್ಟೆ."

ಮಮ್ಮುವೂ ಝೈನಬೂ ಒಳಗೆ ಹೋದರು. ಅವರು ತಿಳಿದವರು.

"ಡಾಕ್ಟರಮ್ಮ ಹೇಳಿದ್ದು ನೀನು ಕೇಳಲಿಲ್ಲ. ಫೋನು ಉಜ್ಜುತ್ತಾ ಕೂತಿದ್ದೆ," ಎಂದಳು. "ಕಂಕುಳಿನದ್ದೂ ತೆಗೆಯಬೇಕಂತೆ. ಆಮೇಲೆ ಈ ಕೈಯಲ್ಲಿ ಭಾರ ಎತ್ತಬಾರದಂತೆ. ಬುಟ್ಟಿ ಎತ್ತದೆ ಮೀನು ಮಾರಿದವಳನ್ನು ನೀನು ನೋಡಿದ್ದೀಯಾ? ಆಪರೇಷನ್ ಆಗಿ, ಮತ್ತೆ ಆ ಮದ್ದು ಈ ಮದ್ದು ಅಂತ ಐದಾರು ತಿಂಗಳು. ಮೂವತ್ತೊಂದು ವರ್ಷ ಕೂತ ಜಾಗ. ಒಂದು ವಾರ ಖಾಲಿ ಬಿಟ್ಟರೆ ಇನ್ನೊಬ್ಬಳ ಬುಟ್ಟಿ ಬಂದು ಕೂರುತ್ತದೆ. ಆಮೇಲೆ ನಾನು ಯಾರು? ಮನೆಯಲ್ಲಿ ಕೂತು ನಿನ್ನ ಗೆಲಾಕ್ಸಿ ಎಣಿಸುವುದಾ?"

ಮಗಾ, ನಾನು ಅವಳ ಕೈಯಿಂದ ಹಗ್ಗ ತೆಗೆದುಕೊಂಡೆ. ಕೊನೆಗೆ, "ಬುಟ್ಟಿ ನಾನು ಹೊರುತ್ತೇನೆ. ನೀನು ಬರುವವರೆಗೆ ಜಾಗದಲ್ಲಿ ನಾನು ಕೂರುತ್ತೇನೆ" ಎಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನಿನಗೆ ಗೊತ್ತುಂಟಲ್ಲ, ನಮ್ಮಲ್ಲಿ ಹಿಡಿಯುವುದು ಗಂಡಸು, ಮಾರುವುದು ಹೆಂಗಸು. ಹೆಂಗಸರ ಸಾಲಿನಲ್ಲಿ ಬುಟ್ಟಿ ಇಟ್ಟು ಕೂತ ಗಂಡಸನ್ನು ನನ್ನ ಜನ್ಮದಲ್ಲಿ ನಾನು ನೋಡಲಿಲ್ಲ. "ಇದು ಹತ್ತರಲ್ಲಿ ಎಷ್ಟು?" ಎಂದು ಕೇಳಿ ಹೋದಳು.

ಹಾಗಾಗಿ ಇವತ್ತು ಬೆಳಿಗ್ಗೆ ಅವಳು ಏಳುವ ಮೊದಲೇ ದಕ್ಕೆಗೆ ಹೋಗಿ ಬಂಗುಡೆ ತೆಗೆದುಕೊಂಡು, ತಲೆಗೆ ಸಿಂಬೆ ಇಟ್ಟು, ಬುಟ್ಟಿ ಹೊತ್ತು ಮಾರ್ಕೆಟಿಗೆ ಹೋದೆ. ಐಸಿನ ನೀರು ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಮೊಣಕಾಲು ಕೂಗಿತು. ಇದನ್ನು ಅವಳು ದಿನಾ ಮಾಡುತ್ತಾಳೆ, ನಾನು ಒಮ್ಮೆಯೂ ಹೊತ್ತು ನೋಡಿದವನಲ್ಲ. ಅವಳ ಜಾಗದಲ್ಲಿ ಕೂತೆ. ಮೊದಲು ಇಡೀ ಸಾಲು ತಿರುಗಿ ನೋಡಿತು. ಆಮೇಲೆ ಶುರುವಾಯಿತು. "ಗಿರಿಯಣ್ಣ, ಸೀರೆ ಮನೆಯಲ್ಲಿ ಮರೆತಿರಾ?" "ಮಲ್ಲಿಗೆ ನಾನು ಕೊಡ್ತೇನೆ ಮುಡಿದುಕೊಳ್ಳಿ." ಒಬ್ಬಳಂತೂ ನನ್ನ ಕೈಯಿಂದ ಕತ್ತಿ ಕಿತ್ತುಕೊಂಡು, "ಮೀನು ಸತ್ತದ್ದು ಒಮ್ಮೆ ಸಾಕು, ನೀವು ಇನ್ನೊಮ್ಮೆ ಕೊಲ್ಲಬೇಡಿ" ಎಂದು ತಾನೇ ಕೊಯ್ದು ಕೊಟ್ಟಳು. ಯಾಕೆ ಬಂದಿರಿ ಎಂದು ಕೇಳಿದಾಗ ನಾನು ಬಡಾಯಿ ಕೊಚ್ಚಲಿಲ್ಲ. "ಅಕ್ಕನಿಗೆ ಹುಷಾರಿಲ್ಲ. ಆರು ತಿಂಗಳು ಈ ಜಾಗ ನಾನು ನೋಡಿಕೊಳ್ಳಬೇಕು" ಎಂದೆ. ಮತ್ತೆ ಯಾರೂ ನಗಲಿಲ್ಲ. ಕತ್ತಿ ಕಿತ್ತುಕೊಂಡವಳೇ, "ನೀವು ಕೂತುಕೊಳ್ಳಿ ಸಾಕು, ಕೊಯ್ಯುವುದು ನಾವು ನೋಡ್ತೇವೆ" ಎಂದಳು.

ಹತ್ತು ಗಂಟೆಗೆ ತಲೆ ಎತ್ತಿದರೆ ನಿನ್ನ ಅಮ್ಮ ಎದುರಿನ ಬಾಳೆಹಣ್ಣಿನ ಅಂಗಡಿಯ ಕಂಬಕ್ಕೆ ಒರಗಿ ನಿಂತಿದ್ದಳು. ಯಾವಾಗಿಂದ ನಿಂತಿದ್ದಳೋ. ಹತ್ತಿರ ಬಂದು, ಬುಟ್ಟಿಯ ಬಂಗುಡೆಗಳನ್ನು ತಲೆ ಒಂದೇ ದಿಕ್ಕಿಗೆ ಬರುವ ಹಾಗೆ ಜೋಡಿಸಿದಳು. ಜೋಡಿಸುತ್ತಲೇ, "ಬುಧವಾರ ಹೋಗುವ" ಎಂದಳು. "ಯಶ್ಮಿಗೆ ನೀನು ಹೇಳು. ನನ್ನ ಬಾಯಲ್ಲಿ ಬರುವುದಿಲ್ಲ, ಅದಕ್ಕೇ ನಾನು ಫೋನು ಎತ್ತದ್ದು. ದೊಡ್ಡದು ಮಾಡಿ ಹೇಳಬೇಡ, ಸಣ್ಣದು ಮಾಡಿಯೂ ಹೇಳಬೇಡ. ಇದ್ದಷ್ಟೇ ಹೇಳು."

ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದೆ. ಫೋನಿನಲ್ಲಿ ನಿನ್ನ ಸ್ವರ ಕೇಳಿದರೆ ನನ್ನ ಬಾಯಿ ಮತ್ತೆ ಶನಿಗ್ರಹಕ್ಕೆ ಓಡುತ್ತದೆ. ಸ್ಪೀಡ್ ಪೋಸ್ಟಿನವರು ನೀನಿರುವ ಸುರಪುರಕ್ಕೆ ಸೋಮವಾರ ಮುಟ್ಟುತ್ತದೆ ಎನ್ನುತ್ತಾರೆ.

ಇದ್ದಷ್ಟೇ ಹೇಳಿದ್ದೇನೆ ಮಗಾ. ನಿನ್ನ ಶಾಲೆಯ ಮಕ್ಕಳಿಗೆ ಮಾರ್ಚಿನಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆ ಉಂಟು, ರಜೆ ಕೇಳುವುದು ಕಷ್ಟ, ಗೊತ್ತು. ಆದರೂ ಸೋಮವಾರವೇ ಬಸ್ಸು ಹತ್ತು. ಹೋಗುವ ಎಂದು ಅವಳು ಹೇಳಿದ್ದು ಹೌದು. ಆದರೆ ಮಧ್ಯಾಹ್ನ ಮನೆಗೆ ಬಂದವಳು ರಿಪೋರ್ಟಿನ ಚೀಲವನ್ನು ಕಪಾಟಿನ ಮೇಲೆ, ಎಲ್ಲದಕ್ಕಿಂತ ಹಿಂದೆ ಇಟ್ಟಳು. ನಾನು ತೆಗೆದು ಮೇಜಿನ ಮೇಲೆ ಇಟ್ಟೆ. ಈಗ ನೋಡಿದರೆ ಮತ್ತೆ ಕಪಾಟಿನ ಮೇಲೆ ಉಂಟು. ಬುಧವಾರಕ್ಕೆ ಇನ್ನೂ ಆರು ದಿನ. ಆರು ದಿನ ಒಬ್ಬನೇ ಅವಳನ್ನು ಕಾಯುವುದು ನನ್ನಿಂದ ಆಗುವುದಿಲ್ಲ. ನೀನು ಬಂದು ಎಂತದ್ದೂ ಹೇಳಬೇಕೆಂದಿಲ್ಲ. ರಿಕ್ಷಾದಲ್ಲಿ ಅವಳ ಆ ಬದಿಯಲ್ಲಿ ಕೂತುಕೋ. ಈ ಬದಿಯಲ್ಲಿ ನಾನು ಕೂರುತ್ತೇನೆ.

ಕಡಲಿನ ತಾಯಿ ನಿನ್ನನ್ನು ಕಾಯಲಿ. ಬಸ್ಸಿನಲ್ಲಿ ನಿದ್ದೆ ಮಾಡು, ಖಾಲಿ ಹೊಟ್ಟೆಯಲ್ಲಿ ಹತ್ತಬೇಡ. ನಿನ್ನ ಶಾಲೆಯ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ನಾನೂರ ಹನ್ನೆರಡು ಗೆಲಾಕ್ಸಿಯ ಮಾಮ ಎಂದರೆ ಅವರಿಗೆ ಗೊತ್ತಾಗುತ್ತದೆ ಎಂದು ನೀನೇ ಹೇಳಿದ್ದೆ.

ಇತಿ ನಿನ್ನ,
ಗಿರಿಯಪ್ಪ ಮಾಮ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ಲಕೋಟೆಗೆ ಗೋಂದು ಹಚ್ಚಿ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ.

ಗಂಟಿನ ವಿಷಯ ಅಮ್ಮ ಮೊದಲು ಹೇಳಿದ್ದು ಝೈನಬಿಗೆ ಅಲ್ಲ, ನನಗೆ. ಜನವರಿಯಲ್ಲಿ ಅಲ್ಲ, ದಸರಾ ರಜೆ ಮುಗಿಸಿ ನೀನು ಬಸ್ಸು ಹತ್ತಿದ ಮರುದಿನ. ನೀನು ಹೋಗುವವರೆಗೆ ಕಾದಿದ್ದಳು. "ಇಲ್ಲಿ ಒಂದು ಗಂಟು ಸಿಗುತ್ತದೆ, ನೋವಿಲ್ಲ. ನಿನ್ನ ಫೋನಿನಲ್ಲಿ ಎಲ್ಲ ಉಂಟಲ್ಲ, ಇದಕ್ಕೆ ಎಂತ ಹೇಳ್ತಾರೆ ನೋಡು" ಎಂದಳು. ಅಕ್ಕನ ಎದೆಯ ವಿಷಯ ಫೋನಿನಲ್ಲಿ ಬರೆದು ಹುಡುಕಲು ನನಗೆ ನಾಚಿಕೆಯಾಯಿತು. ಹುಡುಕಿದರೂ ಬರುವುದು ಇಂಗ್ಲಿಷಿನಲ್ಲಿ, ನನಗೆ ಓದಲಿಕ್ಕೆ ಬರುವುದಿಲ್ಲ ಎಂದು ಅವಳ ಎದುರು ಹೇಳಲೂ ನಾಚಿಕೆಯಾಯಿತು. ಅವಳು ನಿಂತೇ ಇದ್ದಳು. ನಾನು ಐದು ನಿಮಿಷ ಪರದೆಯನ್ನು ಮೇಲೆ ಕೆಳಗೆ ಉಜ್ಜಿದೆ. ಅದರಲ್ಲಿ ಇದ್ದದ್ದು ಶನಿಯ ಚಂದ್ರಗಳ ಪಟ್ಟಿ. ಆಮೇಲೆ ತಲೆ ಎತ್ತಿ, "ನೋವಿಲ್ಲದ ಗಂಟು ಎಂತದ್ದೂ ಅಲ್ಲ, ತಾನಾಗಿ ಕರಗುತ್ತದೆ ಎಂದು ಉಂಟು" ಎಂದೆ. ಸರಿ ಎಂದು ಹೋದಳು. ಮೂರು ತಿಂಗಳು ಮತ್ತೆ ಆ ಮಾತು ಎತ್ತಲಿಲ್ಲ.

ಆಗಲೇ ಹೋಗಿದ್ದರೆ ಅದು ಎಷ್ಟು ಸೆಂಟಿಮೀಟರ್ ಇರುತ್ತಿತ್ತು ಎಂದು ಡಾಕ್ಟರಮ್ಮನನ್ನು ಕೇಳುವ ಧೈರ್ಯ ನನಗಿಲ್ಲ. ನೀನು ಕೇಳು. ಕೇಳಿ ನನಗೆ ಹೇಳು.

ಅಮ್ಮ ಇದುವರೆಗೆ ನನ್ನನ್ನು ಒಂದು ಮಾತು ಬೈದಿಲ್ಲ. ಅವಳು ಬೈಯುವುದು ಫೋನಿಗೆ. "ಹಾಳಾದ್ದು, ನಿನಗೆ ಎಂತೆಂತಹ ಸುಳ್ಳು ಹೇಳಿತು ನೋಡು" ಎನ್ನುತ್ತಾಳೆ. ನಾನು ಪಕ್ಕದಲ್ಲಿ ಕೂತು ಹೌದು ಅಕ್ಕ, ಹೌದು ಎನ್ನುತ್ತೇನೆ.